ಹೊಳ್ಳಿ ಬಂದ ಗುಳಗಿ

ಗುಳಿಗೆಗೆ ದನಿ ಕೊಟ್ಟವನು ನಾನೇ. ಕೊಡು ಎಂದು ಯಾರೂ ಹೇಳಿರಲಿಲ್ಲ, ಗುಳಿಗೆಯಂತೂ ಬೇಡಿಕೊಂಡಿರಲಿಲ್ಲ. ಔಷಧ ಕೊಟ್ಟು, ಎಷ್ಟು ಹೊತ್ತಿಗೆ ಹೇಗೆ ನುಂಗಬೇಕೆಂದು ಹೇಳಿ, ಮುಂದಿನವರನ್ನು ಕರೆಯುವುದಷ್ಟೇ ನನ್ನ ಕೆಲಸ. ಆದರೆ ಎದುರಿಗೆ ನಾಲ್ಕು ಜನ ನಿಂತರೆ ಅವರನ್ನು ನಗಿಸದೆ ಬಿಡಬಾರದೆಂಬ ಚಟವೊಂದು ನನಗಿದೆ. ಆ ಚಟಕ್ಕೆ ಬಿದ್ದು ನಾನು ಆಡಿದ ಎರಡು ಮಾತಿಗೆ ಬಿಜ್ಜರಗಿಯ ಒಬ್ಬ ಮುದುಕಿಯ ಕಾಲ್ಬೆರಳು ಹೋಗುವುದರಲ್ಲಿತ್ತು.

ನಮ್ಮದು ಸಂಚಾರಿ ದವಾಖಾನೆ. ಹಳೆಯ ವ್ಯಾನು, ಒಳಗೊಂದು ಮಲಗಿಸಿ ನೋಡುವ ಹಾಸಿಗೆ, ಔಷಧದ ಕಪಾಟು, ಸಕ್ಕರೆ ಅಳೆಯುವ ಯಂತ್ರ. ವಿಜಯಪುರದ ಇಬ್ರಾಹಿಂಪುರದಿಂದ ಬೆಳಿಗ್ಗೆ ಹೊರಟು ಒಂದು ದಿನ ತಿಕೋಟಾ ಕಡೆ, ಇನ್ನೊಂದು ದಿನ ಬಬಲೇಶ್ವರ ಕಡೆ ತಿರುಗುತ್ತೇವೆ. ಒಂದೊಂದು ಊರಿಗೆ ಹದಿನೈದು ದಿನಕ್ಕೊಮ್ಮೆ ಸರದಿ. ಡಾಕ್ಟರ್ ಮೇಡಂ, ಮೀಸೆ ತಿರುವುವ ಡ್ರೈವರ್ ಕಾಕಾ, ಫಾರ್ಮಸಿ ಡಿಪ್ಲೊಮಾ ಮುಗಿಸಿದ ನಾನು. ಮೂವರಲ್ಲಿ ಎಲ್ಲರ ದನಿಯೂ ಇರುವುದು ನನ್ನೊಬ್ಬನಲ್ಲೇ. ಮೇಡಂ ಸಿಟ್ಟಾದಾಗ ಮೂಗಿನಿಂದ ಬರುವ “ಹ್ಞೂಂ, ಮುಂದ?”, ಕಾಕಾ ಗೇರು ಬದಲಿಸುವಾಗ ಗಾಡಿಗೆ ಬೈಯುವ ಬೈಗಳು, ನಮ್ಮ ಅವ್ವ ಫೋನಿನಲ್ಲಿ “ಉಂಡೇನ?” ಎನ್ನುವುದು, ಎಲ್ಲವನ್ನೂ ತೆಗೆಯುತ್ತೇನೆ. ನನ್ನ ಸ್ವಂತ ದನಿ ಮಾತ್ರ ಮದುವೆಮನೆಯ ಹರಿದ ಸ್ಪೀಕರಿನಂತಿದೆ ಎಂಬುದು ಕಾಕಾನ ಅಭಿಪ್ರಾಯ. ಅದನ್ನೂ ಅಣಕಿಸಿ ತೋರಿಸಿದ್ದೇನೆ.

ಆ ಸಲ ಹೊಸ ಗುಳಿಗೆ ಬಂದಿತ್ತು. ಔಷಧ ಹಳೆಯದೇ, ಮೆಟ್‌ಫಾರ್ಮಿನ್. ಸಕ್ಕರೆ ಕಾಯಿಲೆ ಎಂದೊಡನೆ ಹೆಚ್ಚಿನವರಿಗೆ ಮೊದಲು ಬರೆಯುವ ಗುಳಿಗೆ. ಅದುವರೆಗೆ ಕೊಡುತ್ತಿದ್ದುದು ದಿನಕ್ಕೆ ಎರಡು ಸಲ ನುಂಗುವ ಸಾದಾ ಜಾತಿ. ಹೊಸದು ನಿಧಾನವಾಗಿ ಬಿಡುಗಡೆಯಾಗುವ ಜಾತಿ. ಕಿರುಬೆರಳ ತುದಿಯಷ್ಟು ದೊಡ್ಡದು, ಅಚ್ಚ ಬಿಳಿ. ರಾತ್ರಿ ಊಟದ ಜೊತೆ ಒಂದು ನುಂಗಿದರೆ ಸಾಕು. ಹೊಟ್ಟೆ ತೊಳಸುವುದೂ ಕಡಿಮೆ. “ಮುರೀಬಾರ್ದು, ಅಗೀಬಾರ್ದು, ಕುಟ್ಟಬಾರ್ದು. ಅಷ್ಟು ಹೇಳು ಸಾಕು,” ಎಂದಿದ್ದರು ಮೇಡಂ.

ಅಷ್ಟು ಹೇಳಿದ್ದರೆ ಸಾಕಿತ್ತು.

ಬಿಜ್ಜರಗಿಯಲ್ಲಿ ಸಮುದಾಯ ಭವನದ ಮುಂದೆ ವ್ಯಾನು ನಿಂತಿತ್ತು. ಕಟ್ಟೆಯ ತುಂಬ ಹೆಂಗಸರು. ಈ ಗುಳಗಿ ಒಳಗೆ ಹೋಗಿ ಏನು ಮಾಡುತ್ತದೆ ಎಂದು ಒಬ್ಬಾಕೆ ಕೇಳಿದಳು. ನನಗೆ ಅಷ್ಟೇ ಬೇಕಿತ್ತು. ಲಿವರನ್ನು ಹಗೇವಿಗೆ ಹೋಲಿಸಿದೆ. ಹಗೇವು ಎಂದರೆ ಹಳೆಯ ಮನೆಗಳಲ್ಲಿ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಆಳವಾದ ಗುಂಡಿ. ನಮ್ಮೆಲ್ಲರ ಹೊಟ್ಟೆಯಲ್ಲೂ ಅಂಥದೊಂದು ಸಕ್ಕರೆಯ ಹಗೇವು ಇದೆ, ನಾವು ಉಣ್ಣದಿದ್ದಾಗ ಅದರಿಂದ ಸಕ್ಕರೆ ರಕ್ತಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಬೇಡವಾದಾಗಲೂ ಸುರಿಯುತ್ತಲೇ ಇರುತ್ತದೆ. ಗುಳಗಿ ಹೋಗಿ ಆ ಹಗೇವಿನ ಬಾಯಿಯನ್ನು ಅರ್ಧ ಮುಚ್ಚುತ್ತದೆ. ಜೊತೆಗೆ ರಕ್ತದಲ್ಲಿದ್ದ ಸಕ್ಕರೆಯನ್ನು ಮೈ ಚೆನ್ನಾಗಿ ಬಳಸಿಕೊಳ್ಳುವಂತೆ ಮಾಡುತ್ತದೆ ಎಂದೆ. ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಅಲ್ಲಿಗೆ ನಿಲ್ಲಲಿಲ್ಲ. ಗುಳಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಗಂಟಲನ್ನು ಕೆಳಗಿಳಿಸಿ, ಗುಳಿಗೆಯ ಪರವಾಗಿ ಮಾತಾಡಿದೆ.

“ಯಾಕಬೇ, ನುಂಗಿದ ಮ್ಯಾಲ ಸತ್ತಾ ಅಂತ ತಿಳದೇನ? ಹಗೇವಿನ ಬಾಯಾಗ ಕುಂತೀನಿ. ಕತ್ತಲಾಗ ಎಲ್ಲಾ ಕಾಣತೈತಿ ನನಗ. ಕದ್ದು ಬೆಲ್ಲಾ ತಿಂದ್ರ, ಹೆಂಗ ಹೋಗೀನೋ ಹಂಗ ಹೊಳ್ಳಿ ಬರ್ತೀನಿ!”

ಆ ದನಿ ಎಲ್ಲಿಂದ ಬಂತೋ ತಿಳಿಯದು. ಎದೆಯೊಳಗೆ ಕಲ್ಲು ಉರುಳಿದಂತೆ, ಪ್ರತಿ ಮಾತಿನ ಕೊನೆಗೆ ಸಣ್ಣ ಶಿಳ್ಳೆಯಂಥ ಉಸಿರು. ಚೆನ್ನಾಗಿ ಬಂತು ಎಂದು ನನಗೇ ಹೆಮ್ಮೆಯಾಯಿತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹಿಂದಿನ ಸಾಲಿನಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ ಒಬ್ಬ ಕುರಿಗಾರ ಮುದುಕಿ ಮಾತ್ರ ನಗಲಿಲ್ಲ. ಎದ್ದು ನಿಂತು ನನ್ನನ್ನಲ್ಲ, ನನ್ನ ಬೆನ್ನ ಹಿಂದೆ ವ್ಯಾನಿನ ಗಾಲಿಯ ಕಡೆ ನೋಡುತ್ತಿದ್ದಳು. ಗುಳಿಗೆಯ ಪಟ್ಟಿ ಇಸಿದುಕೊಂಡು ಹೋದಳು. ನನ್ನ ಕಲೆಗೆ ಮರುಳಾದಳೆಂದುಕೊಂಡೆ.

ಹದಿನೈದು ದಿನ ಕಳೆದು ಮತ್ತೆ ಹೋದಾಗ ಕಟ್ಟೆಯ ಮೇಲೆ ಜನರಿದ್ದರು, ಸದ್ದಿರಲಿಲ್ಲ. ಮೇಡಂ ದನಿಯಲ್ಲಿ “ಹ್ಞೂಂ, ಮುಂದ?” ಎಂದೆ; ಒಬ್ಬರೂ ನಗಲಿಲ್ಲ. ಗುಳಿಗೆಯ ಪಟ್ಟಿ ಕೊಡಲು ಕೈ ಚಾಚಿದರೆ ಸಾಲಿನ ಮೊದಲ ಹೆಂಗಸಿನ ಕೈ ಹಿಂದೆ ಸರಿಯಿತು.

“ಯಾಕವಾ?”

“ಹೊಳ್ಳಿ ಬಂದೈತಿ,” ಎಂದಳು ಆಕೆ, ಪಿಸುಮಾತಿನಲ್ಲಿ.

“ಏನ ಹೊಳ್ಳಿ ಬಂದೈತಿ?”

“ಗುಳಗಿ. ಹೆಂಗ ನುಂಗಿದ್ನೆಲಾ ಹಂಗ. ಮುಂಜಾನಿ ಹೊರಕಡಿ ಹೋದಾಗ ನೋಡೀನಿ. ನಾ ಬೆಲ್ಲಾ ತಿಂದಿದ್ದಿಲ್ಲೋ ಯಪ್ಪಾ. ಚಾದಾಗ ಒಂದ ಚೂರು, ಅಷ್ಟ.”

ಆಕೆಯ ಹಿಂದಿದ್ದವಳೂ ತಲೆಯಾಡಿಸಿದಳು. ಅವಳ ಹಿಂದಿದ್ದವಳೂ. ಒಬ್ಬೊಬ್ಬರಾಗಿ ನನ್ನ ಮುಂದೆ ತಪ್ಪೊಪ್ಪಿಕೊಳ್ಳತೊಡಗಿದರು. ಮೊಮ್ಮಗನ ಹೆಸರಿಡುವ ದಿನ ಬೆಲ್ಲದ ಮಾದಲಿ ತಿಂದಿದ್ದು, ಸೊಸೆಗೆ ಕಾಣದಂತೆ ಖರ್ಜೂರ ಬಾಯಿಗೆ ಹಾಕಿಕೊಂಡಿದ್ದು. ನಗು ಬರಬೇಕಾದ ಮಾತುಗಳು. ಹೇಳುವವರ ಕಣ್ಣು ನೋಡಿದರೆ ಬರುತ್ತಿರಲಿಲ್ಲ. ತಮ್ಮ ಹೊಟ್ಟೆಯ ಕತ್ತಲಲ್ಲಿ ಯಾರೋ ಕುಳಿತು ನೋಡುತ್ತಿದ್ದಾರೆ ಎಂಬ ಹೆದರಿಕೆ ಅದು. ಕೂರಿಸಿದವನು ನಾನು.

ಆ ಮುದುಕಿ ಅಂದು ಸೊಸೆಯ ಹೆಗಲು ಹಿಡಿದು ಬಂದಳು. ಕುರಿ ಹಿಂದೆ ತಿರುಗುವಾಗ ಹೆಬ್ಬೆರಳಿಗೆ ಜಾಲಿ ಮುಳ್ಳು ಚುಚ್ಚಿತ್ತು. ಅದು ಮಾಯುವ ಬದಲು ಅಂಚು ಕಪ್ಪಾಗಿ ಕೀವು ಕಟ್ಟಿತ್ತು. ಯಂತ್ರದಲ್ಲಿ ಸಕ್ಕರೆ ಮುನ್ನೂರು ದಾಟಿತ್ತು. ಮೇಡಂ ಗಾಯ ತೊಳೆದು, ಪಾದದ ನಾಡಿ ಮುಟ್ಟಿ ನೋಡಿ, ಪಟ್ಟಿ ಕಟ್ಟಿ, ಕೀವಿಗೆ ಗುಳಿಗೆ ಬರೆದರು. ಕಿಡ್ನಿ ಪರೀಕ್ಷೆಗೆ ರಕ್ತ ತೆಗೆಸಿದರು. ಸಿಟಿಯ ಆಸ್ಪತ್ರೆಗೆ ಈಗಲೇ ನಡಿ, ಸೂಜಿ ಚುಚ್ಚಿ ಸಕ್ಕರೆ ಇಳಿಸುತ್ತಾರೆ ಎಂದರು. ಮುದುಕಿ ಒಪ್ಪಲಿಲ್ಲ.

“ಹಂಗಾದ್ರ ದಿನಾ ಪಟ್ಟಿ ಬದಲ ಮಾಡಸ್ಬೇಕು, ಗುಳಗಿ ತಪ್ಪಬಾರ್ದು. ಮುಂದಿನ ಸಲ ಬರೂದ್ರಾಗ ಸಕ್ಕರಿ ಇಳೀಲಿಲ್ಲಂದ್ರ ನಾನಽ ಗಾಡ್ಯಾಗ ಹಾಕ್ಕೊಂಡ ಹೋಗ್ತೀನಿ. ಬೆರಳ ತಗೀಬೇಕಾಗ್ತದ ಆಯಿ. ಹೆಬ್ಬೆರಳ ಹೋದ್ರ ಕುರಿ ಹಿಂದ ನಡಿಯೂದ ಮುಗೀತು. ಹೇಳ್ರಿ, ಗುಳಗಿ ನುಂಗಾಕತ್ತೀರಿಲ್ಲೋ?” ಎಂದರು ಮೇಡಂ.

“ಮೊದ್ಲ ಎರಡ ದಿನ ನುಂಗೀನ್ರಿ. ಹೊಳ್ಳಿ ಬಂತು. ಅವ್ರಿಗೇ ಬೇಕಾಗೈತಿ ಅಂತ ಆಮ್ಯಾಲ ಅವ್ರಿಗೆ ಕೊಡಾಕತ್ತೇನಿ.”

“ಯಾರಿಗೆ?”

ಮುದುಕಿ ಹೊಲದ ಕಡೆ ಕೈ ತೋರಿಸಿದಳು. ಸೊಸೆ ನನ್ನ ಕಡೆ ನೋಡಿ, “ಬರ್ರಿ ಅಣ್ಣಾರ, ತೋರಸ್ತೀನಿ,” ಎಂದಳು.

ಊರ ಹೊರಗೆ, ಯಾರದೋ ದ್ರಾಕ್ಷಿ ಪಡದ, ಅಂದರೆ ತೋಟದ, ಅಂಚಿಗೆ ಹೊಂದಿಕೊಂಡು ಅವರ ತುಂಡು ಹೊಲ. ಮಟಮಟ ಮಧ್ಯಾಹ್ನ. ಪಡಕ್ಕೆ ಹೊದಿಸಿದ ಹಸಿರು ಬಲೆ ಗಾಳಿಯಿಲ್ಲದೆಯೂ ಒಮ್ಮೊಮ್ಮೆ ಉಬ್ಬಿ ಇಳಿಯುತ್ತಿತ್ತು, ಮಲಗಿದವರ ಹೊಟ್ಟೆಯಂತೆ. ಬದುವಿನ ಮೇಲೆ ಮೊಣಕಾಲೆತ್ತರದ ಕಪ್ಪು ಕಲ್ಲು. ಮಾವನನ್ನು ಮಣ್ಣು ಮಾಡಿದ್ದು ಅಲ್ಲೇ ಎಂದಳು ಸೊಸೆ. ಪಡದ ಹನಿ ನೀರಿನ ಪೈಪೊಂದು ಸೋರಿ, ಕಲ್ಲಿನ ನೆತ್ತಿಗೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು.

ಕಲ್ಲಿನ ಮೇಲೆ ಸಾಲಾಗಿ ಗುಳಿಗೆಗಳಿದ್ದವು. ದಿನಕ್ಕೊಂದರಂತೆ ಮುದುಕಿ ಇಟ್ಟವು. ಅವು ನಾನು ಕೊಟ್ಟ ಗುಳಿಗೆಗಳಂತಿರಲಿಲ್ಲ. ಒಂದೊಂದೂ ಉಬ್ಬಿ ಇಮ್ಮಡಿಯಾಗಿತ್ತು. ಮೇಲೆ ತೆಳ್ಳಗಿನ, ನೀರಿನಂಥ ಪೊರೆ. ಒಳಗೆ ಮಸುಕಾದ ಬಿಳುಪು. ರೆಪ್ಪೆಯಿಲ್ಲದ ಕಣ್ಣುಗಳು. ಬಿಸಿಲು ಬಿದ್ದಾಗ ಅವೆಲ್ಲ ಒಟ್ಟಿಗೆ ನನ್ನನ್ನೇ ನೋಡಿದವು. ಇರುವೆ ಹತ್ತಿರಲಿಲ್ಲ, ನೊಣ ಕೂತಿರಲಿಲ್ಲ. ನಮ್ಮ ಹಿಂದೆಯೇ ಬಂದಿದ್ದ ಆಡೊಂದು ಕಲ್ಲಿಗೆ ಮೂತಿ ತಂದು, ಮೂಸಿ, ಹೆಜ್ಜೆ ಹಿಂದಿಟ್ಟಿತು. ಆಡು! ನಮ್ಮ ವ್ಯಾನಿನ ಸೀಟಿನ ಸ್ಪಂಜನ್ನೇ ತಿಂದು ಜೀರ್ಣಿಸಿಕೊಂಡ ಜಾತಿ ಅದು.

“ಇದೇನಿದು?” ಎಂದೆ.

ಎಂದವನು ನಾನೇ, ದನಿ ಮಾತ್ರ ನನ್ನದಾಗಿರಲಿಲ್ಲ. ಗಂಟಲು ಒಣಗಿತ್ತೋ, ಹೆದರಿಕೆಯೋ; ಎದೆಯೊಳಗೆ ಕಲ್ಲು ಉರುಳಿದಂತೆ, ಕೊನೆಗೊಂದು ಶಿಳ್ಳೆಯಂಥ ಉಸಿರಿನೊಂದಿಗೆ ಆ ನಾಲ್ಕಕ್ಷರ ಹೊರಬಿದ್ದವು. ಸೊಸೆಯ ಮುಖ ಬಿಳಿಚಿತು.

“ಅಣ್ಣಾರ, ಮಾವಾರ ದನಿ ಯಾಕ ತಗೀತೀರಿ? ಇಲ್ಲೆ ನಿಂತು ತಗೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ.”

ತಿಕೋಟಾದಲ್ಲಿ ಊಟಕ್ಕೆ ಗಾಡಿ ನಿಲ್ಲಿಸಿದಾಗ ಕಾಕಾನಿಗೆ ಎಲ್ಲ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದ.

“ನೆನಪಿಲ್ಲೇನಲೇ ಮಂಗ್ಯಾ? ಹೋದ ವರ್ಷ ಆ ಮುದುಕಿನ್ನ ಕರಕೊಂಡ ಬರ್ತಿದ್ದ ಮುದುಕಾ. ಒಳಗ ಬರ್ತಿದ್ದಿಲ್ಲ. ಗಾಲಿಗೆ ಬೆನ್ನ ಹಚ್ಚಿ ಕುಂತು ನನ್ನ ಜೋಡಿ ಕುರಿ ಸುದ್ದಿ, ಮಳಿ ಸುದ್ದಿ ಮಾತಾಡ್ತಿದ್ದ. ಅವಗೂ ಸಕ್ಕರಿ ಇತ್ತಂತ. ಮೇಡಮ್ಮಾರು ಎಷ್ಟ ಕರದ್ರೂ ಬೆರಳ ಚುಚ್ಚಿಸಿಕೊಳ್ಳಲಿಲ್ಲ. ಅವಂದಽ ದನಿ ಅದು. ಆವತ್ತ ನೀ ತಗದಾಗ ನನಗೂ ಎದಿ ಝಲ್ ಅಂತು. ಬೇಕಂತ ತಗದಿ ಅಂತ ಮಾಡಿದ್ದೆ.”

ಬೇಕೆಂದು ತೆಗೆದಿರಲಿಲ್ಲ. ಮುದುಕನ ಮುಖವೂ ನನಗೆ ನೆನಪಿರಲಿಲ್ಲ. ಔಷಧದ ಕಪಾಟಿಗೆ ತಲೆ ತೂರಿಸಿ ಪಟ್ಟಿ ಎಣಿಸುತ್ತಿದ್ದಾಗ ಹೊರಗಿನಿಂದ ಕೇಳಿದ್ದನ್ನು ನನ್ನ ಗಂಟಲು ನನ್ನನ್ನು ಕೇಳದೆ ಎತ್ತಿಟ್ಟುಕೊಂಡಿತ್ತು. ನನ್ನ ವಿದ್ಯೆ ನನ್ನ ಕೈಯಲ್ಲಿದೆ ಎಂದು ಅದುವರೆಗೆ ನಂಬಿದ್ದೆ. ಅಂದು ಉಂಡ ರೊಟ್ಟಿ ಗಂಟಲಲ್ಲಿ ಇಳಿಯುವಾಗ, ಅಲ್ಲಿ ಇನ್ನೂ ಯಾರು ಯಾರು ಕುಳಿತಿದ್ದಾರೋ ಎನಿಸಿತು.

ಮೇಡಂಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ದನಿ ವಿಷಯ ನಿಂದು, ನೀ ನೋಡ್ಕೊ. ಆದ್ರ ಗುಳಗಿ ಇಡಿಯಾಗಿ ಹೊರಗ ಬರಾಕತ್ತದಂದ್ರ ಔಷಧ ಮೈಗೆ ಹತ್ತಾಕತ್ತದೋ ಇಲ್ಲೋ? ಮಾಲು ಖೋಟಾ ಇದ್ರ? ಈ ಜಾತಿ ನಾನೂ ಹೆಚ್ಚ ಬರದಿಲ್ಲ. ನಾ ಕೇಳಿಸ್ತೀನಿ, ನೀನೂ ಖಾತ್ರಿ ಮಾಡ್ಕೊಂಡ ಬಾ. ಅಲ್ಲೀತನಕ ಯಾರೂ ಬಿಡಬಾರ್ದಂತ ಹೇಳು.”

ಮರುದಿನ ಬಬಲೇಶ್ವರದ ಸರದಿ. ಸುದ್ದಿ ನಮಗಿಂತ ಮುಂಚೆ ಬಸ್ಸು ಹತ್ತಿ ಅಲ್ಲಿಗೆ ತಲುಪಿತ್ತು; ಅಲ್ಲೂ ಕೆಲವರಿಗೆ ಹೊಳ್ಳಿ ಬಂದಿತ್ತು. ಕಿರಾಣಿ ಅಂಗಡಿಯ ಒಬ್ಬ ಯಜಮಾನರು, ಹೊಳ್ಳಿ ಬರುವುದಕ್ಕೆ ದಾರಿಯೇ ಇರಬಾರದೆಂದು ಗುಳಿಗೆಯನ್ನು ಖಲಬತ್ತಿನಲ್ಲಿ ಹಾಕಿ ಕುಟ್ಟಿ ಪುಡಿ ಮಾಡಿ ನುಂಗಿದ್ದರು. ಇಡೀ ದಿನಕ್ಕೆಂದು ಕಟ್ಟಿಟ್ಟ ಔಷಧ ಒಮ್ಮೆಗೇ ಹೊಟ್ಟೆಗೆ ಬಿದ್ದು, ವಾಂತಿ ಭೇದಿಯಾಗಿ ಹಾಸಿಗೆ ಹಿಡಿದಿದ್ದರು. ಮೇಡಂ ಮನೆಗೇ ಹೋಗಿ ನೋಡಿ, ನೀರು ಕುಡಿಸಿ, ವಾಂತಿ ಭೇದಿ ನಿಂತು ಅನ್ನ ಸೇರುವವರೆಗೆ ಈ ಗುಳಿಗೆ ಬೇಡ, ಆಮೇಲೆ ನನ್ನನ್ನು ಕೇಳಿಯೇ ಶುರು ಮಾಡಬೇಕು ಎಂದು ನಿಲ್ಲಿಸಿದರು. ಮೈಯಲ್ಲಿ ನೀರು ಬತ್ತಿದಾಗ, ಕಿಡ್ನಿ ಸೋತಾಗ ಈ ಔಷಧ ಮೈಯಲ್ಲೇ ಉಳಿದು ತೊಂದರೆ ಕೊಡಬಹುದು. ನುಂಗು ಎಂದು ಹೇಳುವುದಷ್ಟೇ ಅಲ್ಲ, ನಿಲ್ಲಿಸು ಎಂದು ಹೇಳುವುದೂ ನಮ್ಮ ಕೆಲಸ. ಇದು ಆಮೇಲೆ ನನಗೆ ಉಪಯೋಗಕ್ಕೆ ಬಂತು.

ಅಲ್ಲಿಂದ ಕಾಖಂಡಕಿಗೆ ಹೋದರೆ ಬೇರೆಯೇ ಲೋಕ. ಕಟ್ಟೆಯ ಮೇಲೆ ಗಂಡಸರು ಎದೆ ಉಬ್ಬಿಸಿ ಕುಳಿತಿದ್ದರು.

“ಬರ್ರಿ ಬರ್ರಿ. ನಮ್ಮೂರಾಗ ಒಂದೂ ಹೊಳ್ಳಿ ಬಂದಿಲ್ಲ ನೋಡ್ರಿ! ಸತ್ಯವಂತರ ಊರಿದು.”

ಹೇಳಿದವರ ಬೆರಳ ತುದಿಗೆ ಜಿಲೇಬಿಯ ಪಾಕ ಇನ್ನೂ ಅಂಟಿತ್ತು. ಪಕ್ಕದವರ ಮೀಸೆಯ ಮೇಲೆ ಪೇಢೆಯ ಪುಡಿ. ಕಾಖಂಡಕಿಯವರ ಮೇಲೆ ನನಗೆ ಪ್ರೀತಿಯಿದೆ, ಆದರೆ ಇಡೀ ಊರಿಗೆ ಊರೇ ಸತ್ಯವಂತವಾಗುವುದು ಯಾವ ತಾಲೂಕಿನಲ್ಲೂ ಸಾಧ್ಯವಿಲ್ಲ. ಅಲ್ಲಿಯೇ ತಲೆಗೆ ಹೊಳೆಯಿತು. ವ್ಯಾನಿಗೆ ಹೋಗಿ ಕಪಾಟು ತೆಗೆದೆ. ಕಾಖಂಡಕಿಗೆ ಇನ್ನೂ ಹಳೆಯ ಸಾದಾ ಗುಳಿಗೆಯೇ ಹೋಗುತ್ತಿತ್ತು. ಹಳೆಯ ಡಬ್ಬ ಮುಗಿದಿರಲಿಲ್ಲ. ಹೊಸದು ಹೋದದ್ದು ಬಿಜ್ಜರಗಿಗೆ, ಬಬಲೇಶ್ವರಕ್ಕೆ. ಹೊಳ್ಳಿ ಬಂದದ್ದೂ ಅಲ್ಲೇ. ಪಾಪಪುಣ್ಯಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಸಂಬಂಧವಿದ್ದದ್ದು ಗುಳಿಗೆಯ ಜಾತಿಗೆ.

ಸಂಜೆ ಇಬ್ರಾಹಿಂಪುರದ ನನ್ನ ಬಾಡಿಗೆ ಕೋಣೆಯಲ್ಲಿ ಎರಡು ಗಾಜಿನ ಲೋಟಕ್ಕೆ ಉಗುರುಬೆಚ್ಚಗಿನ ನೀರು ಹಾಕಿದೆ. ಒಂದರಲ್ಲಿ ಸಾದಾ ಗುಳಿಗೆ, ಇನ್ನೊಂದರಲ್ಲಿ ಹೊಸದು. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಾದಾ ಗುಳಿಗೆ ಕರಗಿ ತಳದಲ್ಲಿ ಪುಡಿಯಾಗಿತ್ತು. ಹೊಸದು ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದರ ಸುತ್ತ ಪೊರೆ ಮೂಡಿತು. ಪೊರೆ ದಪ್ಪವಾಯಿತು. ಗುಳಿಗೆ ಉಸಿರೆಳೆದುಕೊಂಡಂತೆ ಉಬ್ಬತೊಡಗಿತು. ಕೋಣೆಯ ಹಿಂದಿನ ರೈಲು ಹಳಿಯ ಮೇಲೆ ಗೂಡ್ಸ್ ಗಾಡಿ ಹೋಯಿತು. ಕೋಣೆ ಅದುರಿ, ನೀರು ಅದುರಿ, ಗುಳಿಗೆ ಮೆಲ್ಲಗೆ ಮಗ್ಗುಲು ಬದಲಿಸಿತು. ಲೈಟು ಹಾಕದೆ ಕುಳಿತಿದ್ದೇಕೆಂದು ನನ್ನನ್ನೇ ಬೈದುಕೊಂಡು ಎದ್ದು ಲೈಟು ಹಾಕಿದೆ. ಬೈದದ್ದು ಯಾವ ದನಿಯಲ್ಲಿ ಎಂದು ಗಮನಿಸಲಿಲ್ಲ. ಗಮನಿಸಲು ಧೈರ್ಯವೂ ಇರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅದು ಅಲ್ಲೇ ಇತ್ತು, ಅದೇ ಆಕಾರದಲ್ಲಿ. ಚಮಚದ ತುದಿಯಿಂದ ಒತ್ತಿದೆ. ಬೇಯಿಸಿದ ಸಾಬೂದಾನಿಯಂತೆ ಪಿಚಕ್ಕೆಂದಿತು. ಒಳಗೆ ಅಂಟು ಬಿಟ್ಟರೆ ಏನೂ ಇಲ್ಲ. ಲೋಟದ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದೆ. ಕಡು ಕಹಿ. ಔಷಧವೆಲ್ಲ ನೀರಿಗಿಳಿದಿತ್ತು, ಉಳಿದದ್ದು ಬರೀ ಗೂಡು.

ಖಾತ್ರಿಗೆಂದು ಕಾಲೇಜಿನಲ್ಲಿ ನಮಗೆ ಗುಳಿಗೆ ತಯಾರಿಕೆ ಪಾಠ ಮಾಡಿದ ಸರ್‌ಗೆ ಫೋನು ಮಾಡಿದೆ.

“ಹೌದಪಾ,” ಎಂದರು ಅವರು, “ಅಂಟಿನ ಗೂಡಿನ್ಯಾಗ ಔಷಧ ಕೂಡಿಸಿರ್ತಾರ. ಗೂಡು ನೀರ ಕುಡದು ಉಬ್ಬತದ, ಔಷಧ ಸಾವಕಾಶ ಜಿನಗಿ ಕರಳಿಗೆ ಇಳೀತದ. ಖಾಲಿ ಗೂಡು ಕೆಲವೊಬ್ರಿಗೆ ಹಂಗಽ ಹೊರಗ ಬರ್ತದ. ಹೆದರೂದ ಬ್ಯಾಡ. ಅದಕ್ಕ ಭೂತದ ಗುಳಗಿ ಅಂತ ನಾನಽ ಕ್ಲಾಸಿನ್ಯಾಗ ಹೇಳಿದ್ದೆ.”

“ನನಗ ನೆನಪಿಲ್ಲರೀ ಸರ್.”

“ಹೆಂಗ ಇರ್ತದ? ಆವತ್ತ ನೀ ಹಿಂದಿನ ಬೆಂಚಿನ್ಯಾಗ ನನ್ನ ದನಿ ತಗದು ಹುಡುಗರ್ನ ನಗಸಾಕತ್ತಿದ್ದಿ. ಕ್ಲಾಸಿನಿಂದ ಹೊರಗ ಹಾಕಿದ್ದೆ.”

ವಿಷಯ ಮೇಡಂಗೆ ಹೇಳಿದೆ. ಅವರು ವಿಚಾರಿಸಿದವರೂ ಅದನ್ನೇ ಹೇಳಿದ್ದರು. ಮುದುಕಿಯ ಕಿಡ್ನಿಯೂ ಸರಿಯಿದೆ ಎಂದು ವರದಿ ಬಂದಿತ್ತು. ಮುದುಕಿಗೆ ಫೋನಿನಲ್ಲೇ ಹೇಳಿಸೋಣವೆಂದು ಸೊಸೆಯ ನಂಬರಿಗೆ ಹಚ್ಚಿದೆ. ಗಾಯದ ಪಟ್ಟಿ ದಿನವೂ ಬದಲಿಸುತ್ತಿದ್ದೇವೆ, ಕೀವಿನ ಗುಳಿಗೆ ನುಂಗುತ್ತಾರೆ, ದೊಡ್ಡ ಬಿಳಿ ಗುಳಿಗೆ ಮಾತ್ರ ಕಲ್ಲಿಗೇ ಹೋಗುತ್ತಿದೆ ಎಂದಳು. ಫೋನನ್ನು ಅತ್ತೆಯ ಕಿವಿಗಿಟ್ಟಳು. ನಾನು ಗೂಡು, ಅಂಟು, ಕರುಳು ಎಂದು ಏನೇನೋ ಹೇಳಿದೆ. ಆ ಕಡೆಯಿಂದ ಉಸಿರಷ್ಟೇ ಕೇಳುತ್ತಿತ್ತು. ಕೊನೆಗೆ ಮುದುಕಿ, “ಇದು ನಿನ್ನ ದನಿ. ಇದರ ಮಾತ ನನಗ್ಯಾಕ?” ಎಂದು ಫೋನು ಕೊಟ್ಟುಬಿಟ್ಟಳು. ಸರದಿ ಕಾಯುವಂತಿರಲಿಲ್ಲ. ತಿಕೋಟಾ ಕಡೆ ಹೋಗುವ ಮೊದಲ ದಿನವೇ ಬಿಜ್ಜರಗಿಗೆ ತಿರುಗೋಣ ಎಂದರು ಮೇಡಂ.

ಹಿಂದಿನ ಸಂಜೆ ಸೊಸೆಗೆ ಮತ್ತೆ ಫೋನು ಮಾಡಿದೆ. “ನಿಮ್ಮನೀ ಲೋಟ, ನಿಮ್ಮನೀ ನೀರು. ನೀರ ತುಸು ಬೆಚ್ಚಗ ಮಾಡಿ, ಆಯಿ ಕೈಲೆನಽ ಒಂದ ಗುಳಗಿ ಹಾಕಸ್ರಿ. ಮ್ಯಾಲ ತಾಟ ಮುಚ್ಚಿ ಇಡ್ರಿ. ನಾ ಬರೂತನಕ ತಗೀಬ್ಯಾಡ್ರಿ.” ಆ ರಾತ್ರಿ ಆ ಲೋಟವಿದ್ದ ಕೋಣೆಯಲ್ಲಿ ಮನೆಯ ಯಾರೂ ಮಲಗಲಿಲ್ಲವಂತೆ.

ಬಿಜ್ಜರಗಿ ತಲುಪಿದಾಗ ಅರ್ಧ ಊರು ಕಟ್ಟೆಯ ಮೇಲಿತ್ತು. ಮೇಡಂ ಮೊದಲು ಮುದುಕಿಯ ಪಟ್ಟಿ ಬಿಚ್ಚಿದರು. ಕೀವು ಕಡಿಮೆಯಾಗಿತ್ತು, ಕಪ್ಪು ಸರಿದಿರಲಿಲ್ಲ. ಸಕ್ಕರೆ ಇಳಿದಿರಲಿಲ್ಲ. ಅವರು ನನ್ನ ಕಡೆ ನೋಡಿದ ನೋಟದಲ್ಲೇ ತಿಳಿಯಿತು, ಇನ್ನು ಹೆಚ್ಚು ದಿನವಿಲ್ಲ.

ಮುದುಕಿ ನನ್ನನ್ನು ಹತ್ತಿರ ಕರೆದಳು. ಸಿಟ್ಟಿರಲಿಲ್ಲ ಅವಳಿಗೆ. ಅದೇ ಭಯವಾಗುತ್ತಿತ್ತು.

“ತಮ್ಮಾ, ಒಂದ ಕೆಲಸ ಮಾಡ. ಆ ದನಿಲೆ ಒಮ್ಮಿ ಹೇಳ. ನನಗ ಬ್ಯಾಡ, ನೀನಽ ನುಂಗು ಅಂತ ಅವ್ರಽ ಹೇಳ್ಲಿ. ಈಗ ಇಲ್ಲೇ ನುಂಗತೀನಿ.”

 ಕಾಕಾ ಸ್ಟೇರಿಂಗಿನ ಹಿಂದಿನಿಂದ ಕಣ್ಣಲ್ಲೇ ಹೇಳಿದ: ಒಂದು ಮಾತು, ಹೇಳಿಬಿಡು, ಬೆರಳು ಉಳಿಯುತ್ತದೆ. ಮೇಡಂ ಬೇಡವೆನ್ನಲಿಲ್ಲ. ಕೈಯಲ್ಲಿದ್ದ ಹತ್ತಿಯನ್ನೇ ನೋಡುತ್ತ ನಿಂತರು. ದನಿ ನನ್ನ ಗಂಟಲಿನ ಬಾಗಿಲಿಗೆ ಬಂದು ನಿಂತಿತ್ತು. ನಾನು ಕರೆದಿರಲಿಲ್ಲ. ಬಾಯಿ ತೆರೆದರೆ ಸಾಕು, ತಾನೇ ಮಾತಾಡುತ್ತಿತ್ತು. ಅಷ್ಟು ಸಿದ್ಧವಾಗಿತ್ತು ಅದು, ಅಷ್ಟು ಆಸೆಯಿಂದಿತ್ತು.

ಬಬಲೇಶ್ವರದ ಯಜಮಾನರು ನೆನಪಾದರು. ನಾಳೆ ಈ ಮುದುಕಿಗೂ ವಾಂತಿ ಭೇದಿಯಾದರೆ ಗುಳಿಗೆ ನಿಲ್ಲಿಸಬೇಕಾಗುತ್ತದೆ. ಆಗ ಅವಳು ನಿಲ್ಲಿಸುವುದು ಯಾರ ಮಾತಿಗೆ? ಸತ್ತವನು ನುಂಗು ಎಂದ ಮೇಲೆ ನಿಲ್ಲಿಸು ಎನ್ನಲೂ ಅವನೇ ಬರಬೇಕು. ಅವನು ನಿಂತಿರುವುದು ನನ್ನ ಗಂಟಲಿನಲ್ಲಿ. ನಾನು ಇಬ್ರಾಹಿಂಪುರದಲ್ಲಿ.

ಬಾಯಿ ಮುಚ್ಚಿ ಉಗುಳು ನುಂಗಿದೆ. ದೊಡ್ಡ ಗುಳಿಗೆ ನುಂಗಿದಂತೆ ಕಷ್ಟವಾಗಿ ಒಳಗಿಳಿಯಿತು.

“ಆಗಂಗಿಲ್ಲ ಆಯಿ. ಲೋಟ ತರಸ್ರಿ.”

ಸೊಸೆ ಲೋಟ ತಂದಿಟ್ಟಳು. ಮುಚ್ಚಿದ ತಾಟನ್ನು ತೆಗೆಯಲು ಯಾರೂ ಮುಂದೆ ಬರಲಿಲ್ಲ. ಮುದುಕಿಯೇ ತೆಗೆದಳು. ಒಳಗೆ ಅದು ಉಬ್ಬಿ, ಮಸುಕಾಗಿ, ಮೇಲೆ ನೋಡುತ್ತ ಮಲಗಿತ್ತು. ಹೆಂಗಸರು ಉಸಿರೆಳೆದುಕೊಂಡದ್ದು ಕೇಳಿಸಿತು.

“ಹೊರಗ ತಗೀರಿ. ಹಿಚಕ್ರಿ.”

ಅವಳು ಎರಡು ಬೆರಳಲ್ಲಿ ಎತ್ತಿ ಮೆಲ್ಲಗೆ ಒತ್ತಿದಳು. ಅದು ಪಿಚಕ್ಕೆಂದು ಅಂಗೈ ಮೇಲೆ ಅಂಟಾಗಿ ಹರಡಿತು. ಕಣ್ಣೂ ಇಲ್ಲ, ಕಾವಲೂ ಇಲ್ಲ.

“ಈಗ ಆ ನೀರಿನ್ಯಾಗ ಬೆರಳ ಅದ್ದಿ ನಾಲಿಗಿಗೆ ಹಚ್ರಿ. ಕುಡೀಬ್ಯಾಡ್ರಿ ಮತ್ತ.”

ಹಚ್ಚಿಕೊಂಡಳು. ಮುಖ ಕಿವುಚಿದಳು. “ಬೇವು ಇದ್ಹಂಗ ಐತಿ.”

“ಅದಽ ಔಷಧ. ನೀರಿಗೆ ಹೋಗೈತಿ. ಹೊಟ್ಟ್ಯಾಗೂ ಹಿಂಗಽ ಹೋಗತೈತಿ. ಹೊರಗ ಬರೂದು ಖಾಲಿ ಗೂಡು.”

“ಕಬ್ಬು ತಿಂದು ಉಗುಳಿದ ಸಿಪ್ಪಿ ಇದ್ಹಂಗ,” ಎಂದಳು ಸೊಸೆ. ಇಷ್ಟು ದಿನ ನಾನು ಹುಡುಕುತ್ತಿದ್ದ ಮಾತು ಅವಳ ಬಾಯಲ್ಲಿ ಸಿದ್ಧವಾಗಿತ್ತು. ಕಟ್ಟೆಯ ಮೇಲೆ ಯಾರೋ ಉಸಿರು ಬಿಟ್ಟರು. ಯಾರೋ ಸಣ್ಣಗೆ ನಕ್ಕರು.

ಉಳಿದದ್ದು ದನಿಯ ಲೆಕ್ಕ. ಮೇಡಂ ದನಿ ತೆಗೆದೆ, ಕಾಕಾನ ದನಿ ತೆಗೆದೆ, ಕೊನೆಗೆ ನನ್ನ ಹರಿದ ಸ್ಪೀಕರು. “ಎಲ್ಲಾ ಇದಽ ಗಂಟಲ ಆಯಿ. ಆವತ್ತ ಗುಳಗಿ ದನಿ ಅಂತ ತಗದಿದ್ದೂ ಇದಽ. ಹೊರಗಿಂದ ಕೇಳಿದ ದನಿ ನನಗ ತಿಳೀದಂಗ ಬಾಯಿಗೆ ಬಂತು. ಅವ್ರು ಏನೂ ಹೇಳಿಲ್ಲ, ಏನೂ ಬೇಡಿಲ್ಲ.”

“ಮತ್ತ ಕಲ್ಲಿನ ಮ್ಯಾಲ ಇಟ್ಟಿದ್ದು?”

“ಪೈಪಿನ ನೀರಿಗೆ ಉಬ್ಬ್ಯಾವ. ಯಾರೂ ಮುಟ್ಟಿಲ್ಲ.”

“ಯಾರೂ ಮುಟ್ಟಿಲ್ಲಾ?”

“ಇಲ್ಲ ಆಯಿ.”

ಅವಳು ಅಂಗೈಯ ಅಂಟನ್ನು ಒರೆಸದೆ ಮುಷ್ಟಿ ಮುಚ್ಚಿದಳು. ನಾನು ಅವಳಿಂದ ಕಸಿದುಕೊಂಡದ್ದು ಭಯವನ್ನಷ್ಟೇ ಅಲ್ಲ ಎಂದು ಆಗ ತಿಳಿಯಿತು. ದಿನವೂ ಏನನ್ನಾದರೂ ಕೊಡಲು, ಇಸಿದುಕೊಳ್ಳುವವರೊಬ್ಬರು ಅಲ್ಲಿದ್ದರು ಅವಳಿಗೆ. ಗುಳಿಗೆಯ ಪಟ್ಟಿ ಇಸಿದುಕೊಂಡು, ನುಂಗುತ್ತೇನೆಂದೂ ಇಲ್ಲವೆಂದೂ ಹೇಳದೆ, ಕುಂಟುತ್ತ ಹೋದಳು. ಮೇಡಂ, “ಮುಂದಿನ ವಾರ ಬರ್ತೀನಿ, ಆಂಬುಲೆನ್ಸಿಗೂ ಹೇಳಿಟ್ಟಿರ್ತೀನಿ,” ಎಂದು ಸೊಸೆಗೆ ಹೇಳಿದರು.

ಆ ವಾರ ಕೋಣೆಯಲ್ಲಿ ಒಬ್ಬನೇ ಇದ್ದಾಗ ಆ ದನಿ ತೆಗೆಯಲು ನೋಡಿದೆ. ಇನ್ನೂ ಇದೆಯೇ ಎಂದು ತಿಳಿಯುವ ಕುತೂಹಲ. ಬಂದದ್ದು ಕಾಕಾನ ಬೈಗಳು. ಇನ್ನೊಮ್ಮೆ ನೋಡಿದೆ; ನಮ್ಮ ಅವ್ವ “ಉಂಡೇನ?” ಎಂದಳು. ಮುದುಕನ ಜಾಗ ಖಾಲಿಯಿತ್ತು. ಎದ್ದು ಹೋದವರು ಬಾಗಿಲು ಮುಂದೆ ಮಾಡಿಕೊಂಡು ಹೋದಂತೆ.

ಬಿಜ್ಜರಗಿಗೆ ಹೋದಾಗ ದ್ರಾಕ್ಷಿ ಪಡದ ಹತ್ತಿರ ಗಾಡಿ ನಿಲ್ಲಿಸಲು ಹೇಳಿದೆ. ಕಲ್ಲು ತೊಳೆದಂತಿತ್ತು. ಮೇಲೆ ಏನೂ ಇರಲಿಲ್ಲ. ಪೈಪಿಗೆ ಯಾರೋ ಬಟ್ಟೆ ಸುತ್ತಿ ಸೋರಿಕೆ ಕಟ್ಟಿದ್ದರು. ಮುದುಕಿ ಕಟ್ಟೆಯ ಮೇಲೆ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಕೈಬೆರಳು ಚುಚ್ಚಿ ನೋಡಿದೆ, ಸಕ್ಕರೆ ಇಳಿಯತೊಡಗಿತ್ತು. ಮೇಡಂ ಪಟ್ಟಿ ಬಿಚ್ಚಿದರು. ಉಗುರು ಹೋಗಿತ್ತು. ಅದರ ಕೆಳಗೆ, ಕಪ್ಪಿನ ನಡುವೆ, ಹೊಸ ಚರ್ಮದ ಕೆಂಪು ಗೆರೆ. ಅವರು ಅದನ್ನು ಎರಡೆರಡು ಸಲ ಒತ್ತಿ ನೋಡಿ, “ಸಿಟಿಗೆ ಬ್ಯಾಡ. ಬೆರಳ ಉಳೀತದ ಆಯಿ,” ಎಂದರು. ಆಮೇಲೆ ಮುಖ ತಿರುಗಿಸಿ ಹತ್ತಿ ಹುಡುಕಿದರು. ಹತ್ತಿ ಅವರ ಕೈಯಲ್ಲೇ ಇತ್ತು.

ನಾನು ಸುಮ್ಮನಿರಬೇಕಿತ್ತು. ಆದರೆ ಸಮಾಧಾನವಾದೊಡನೆ ಹಳೆಯ ಚಟ ತಲೆಯೆತ್ತಿತು. ಗುಳಿಗೆಯ ಪಟ್ಟಿಯನ್ನು ಕೊಡದೆ ಕೈಯಲ್ಲೇ ಹಿಡಿದು, “ಈಗ ಹೇಳ ಆಯಿ, ಇನ್ನೂ ಮುದುಕನ ದನಿ ಕೇಳತೈತೇನ?” ಎಂದೆ.

ಮುದುಕಿ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡಳು.

“ಕೇಳತೈತಿ. ನೀ ಈ ಊರಿಗೆ ಬರೂಕಿಂತ ಮೊದಲಿಂದ ಕೇಳತೈತಿ. ಕುರಿ ಎಷ್ಟ ಈದಾವ ಅಂತಾರ, ಮೋಡ ಎತ್ತಾಗ ಹೊಂಟಾವ ಅಂತಾರ. ಗುಳಗಿ ಸುದ್ದಿ ಬದುಕಿದ್ದಾಗೂ ಎತ್ತಲಿಲ್ಲ, ಸತ್ತ ಮ್ಯಾಲೂ ಎತ್ತಿಲ್ಲ. ಅದನ್ನ ಎತ್ತಿದಾಂವ ನೀ ಅಂತ ನನಗ ಆವತ್ತಽ ತಿಳೀಬೇಕಿತ್ತು. ಸರಿ ಅತ್ತಾಗ, ಹಿಂದಿನಾಕಿಗೆ ಜಾಗಾ ಬಿಡು.”